ಭಾವ ಕುಡಿದ ಹವಳ

ಗುಂಪಿನವರಿಗೆಲ್ಲ ನಮಸ್ಕಾರ. ಸಾವಿತ್ರಿ, ಮಂಡಿನೋವು ಇಳಿಯಿತೇ? ರಂಗಣ್ಣ, ಕೆಮ್ಮು ನಿಂತಿತೇ? ಇಲ್ಲಿ ದಿಬ್ಬೂರಹಳ್ಳಿಯಲ್ಲಿ ಎಲ್ಲರೂ ಕ್ಷೇಮ, ಭಾವನ ಹೊಟ್ಟೆಯೊಂದನ್ನು ಬಿಟ್ಟು.

ಶುಕ್ರವಾರ ಅಕ್ಕನ ಮಗಳ ಮದುವೆಯಲ್ಲವೇ. ಅಮ್ಮನ ತಾಳಿಯಲ್ಲಿದ್ದ ಹವಳವನ್ನು ಅವಳ ತಾಳಿಗೆ ಪೋಣಿಸಬೇಕು. ಅದಕ್ಕೊಂದು ಜೋಡಿ ಹುಡುಕಲು ಗೌರಿಬಿದನೂರಿಗೆ ಒಯ್ದಿದ್ದೆ. ಸಿಕ್ಕಿದ್ದು ಗಾಜಿನ ಮಣಿ. ಎರಡನ್ನೂ ಒಂದೇ ಡಬ್ಬಿಯಲ್ಲಿ ಹಾಕಿಕೊಂಡು ಬಂದೆ, ತಪ್ಪು ನನ್ನದೇ. ಇವತ್ತು ತೆಗೆದು ನೋಡಿದರೆ ಯಾವುದು ಯಾವುದೆಂದು ತಿಳಿಯಲಿಲ್ಲ.

ರೇಷ್ಮೆಗೂಡಿನ ವ್ಯಾಪಾರದ ಭಾವ ಎರಡನ್ನೂ ಗೂಡಿನಂತೆಯೇ ಕಿವಿಯ ಹತ್ತಿರ ಅಲ್ಲಾಡಿಸಿ, "ಎರಡ್ರಲ್ಲೂ ಹುಳ ಇಲ್ಲ ಕಣಮ್ಮ" ಎಂದು ತೋಟಕ್ಕೆ ಹೋದರು.

ನಿಜವಾದ ಹವಳ ಹಾಲಿಗೆ ಕೆಂಪು ಬಿಡುತ್ತದೆಂದು ಅಮ್ಮ ಹೇಳುತ್ತಿದ್ದಳು. ಅಕ್ಕ ಎರಡು ಲೋಟ ಹಾಲಿಗೆ ಒಂದೊಂದು ಮಣಿ ಹಾಕಿಟ್ಟು ಹೂ ಕಟ್ಟಲು ಕೂತಳು. ತೋಟದಿಂದ ಬಂದ ಭಾವ ಒಂದು ಲೋಟವನ್ನು ಎತ್ತಿ ಕುಡಿದೇಬಿಟ್ಟರು.

"ಏನೋ ಗಟ್ಟಿಯಾಗಿತ್ತು. ಕಲ್ಲುಸಕ್ಕರೆ ಅಂದ್ಕೊಂಡೆ."

"ಹಾಲು ಯಾವ ಬಣ್ಣ ಇತ್ತು, ಅದು ಹೇಳ್ರೀ ಮೊದ್ಲು."

"ಬಣ್ಣ ನೋಡ್ಕೊಂಡು ಯಾರಾದ್ರೂ ಹಾಲು ಕುಡೀತಾರೇನೇ?"

ಉಳಿದ ಲೋಟದ ಹಾಲು ಇನ್ನೂ ಬೆಳ್ಳಗೇ ಇದೆ. ಹಾಗಾದರೆ ಅಮ್ಮನ ಹವಳವೇ ಒಳಗೆ ಹೋಗಿದೆ ಎಂದು ಅಕ್ಕ, ಅದು ಬೇಗ ಹೊರಬರಲೆಂದು ಒಂದು ಚಿಪ್ಪು ಬಾಳೆಹಣ್ಣು ಭಾವನ ಮುಂದಿಟ್ಟು, "ಮುಗಿಯೋವರ್ಗೂ ಏಳಂಗಿಲ್ಲ" ಎಂದು ಕಾವಲು ಕೂತಿದ್ದಾಳೆ.

ಉಳಿದದ್ದೇ ಅಮ್ಮನ ಹವಳ ಎಂದು ಗೊತ್ತಾದರೆ ಭಾವನಿಗೆ ಬಿಡುಗಡೆ. ಹವಳವೋ ಗಾಜೋ ಎಂದು ಗುರುತಿಸುವ ಬಗೆ ಗೊತ್ತಿದ್ದವರು ಬೇಗ ಬರೆಯಿರಿ. ಭಾವ ಆರನೆಯ ಹಣ್ಣು ಸುಲಿಯುತ್ತಿದ್ದಾರೆ.