ವಿನ್‌ಸ್ಟನ್ ನಿಜ ಹೇಳಿದ ದಿನ

ಮಲೇಷ್ಯಾದ ಕ್ಲಾಂಗ್ ಬಂದರಿನಲ್ಲಿ ಕ್ರೇನ್ ರಿಪೇರಿಯ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಮಧ್ಯಾಹ್ನ ಕ್ರೇನಿನ ಮೋಟರು ಕೆಟ್ಟು ನಿಂತಿತ್ತು. ನಾನು ಅದರ ಕೆಳಗೆ ಕೂತು, ಸುತ್ತಲಿದ್ದ ಯಾರಿಗೂ ತಿಳಿಯುವುದಿಲ್ಲ ಎಂಬ ಧೈರ್ಯದಲ್ಲಿ, ರಾಣೆಬೆನ್ನೂರಿನ ಕನ್ನಡದಲ್ಲಿ ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಹಿಂದೆ ಯಾರೋ ನಕ್ಕರು.

"ಎಂತ ಮಾರಾಯ, ಅದಕ್ಕೆ ಕನ್ನಡ ಬರುವುದಿಲ್ಲ. ಮಲಯದಲ್ಲಿ ಬೈದು ನೋಡು."

ಹಾಗೆ ಸಿಕ್ಕವನು ವಿನ್‌ಸ್ಟನ್. ಕಿನ್ನಿಗೋಳಿಯವನು. ಎತ್ತರದ ಆಳು, ಇಸ್ತ್ರಿ ಮಾಡಿದ ತಿಳಿನೀಲಿ ಅಂಗಿ, ಜೇಬಿನಲ್ಲಿ ಮೂರು ಬಣ್ಣದ ಪೆನ್ನು. ಅವನ ಮನೆಯಲ್ಲಿ ಕೊಂಕಣಿ, ನನ್ನ ಮನೆಯಲ್ಲಿ ಉರ್ದು. ಆದರೆ ಇಬ್ಬರೂ ಓದಿದ್ದು ಕನ್ನಡ ಶಾಲೆಯಲ್ಲಿ. ಮಲೇಷ್ಯಾದಲ್ಲಿ ನಮ್ಮಿಬ್ಬರ ನಡುವೆ ಉಳಿದದ್ದು ಅದೊಂದೇ. ಆ ಸಂಜೆ ಬಂದರಿನ ಗೇಟಿನ ಎದುರಿನ ಮಾಮಕ್ ಅಂಗಡಿಯಲ್ಲಿ, ಎಂದರೆ ತಮಿಳು ಮುಸ್ಲಿಮರ ಹೋಟೆಲಿನಲ್ಲಿ, ಚಹಾ ಕುಡಿಯುತ್ತ ಕೂತವರು, ಕಗ್ಗ, ಮಗ್ಗಿ, ಮೇಷ್ಟ್ರು, ಮಂಡಕ್ಕಿ ಎಂದು ಮಾತಾಡಿ ಮಾತಾಡಿ, ಅಂಗಡಿಯವನು ಕುರ್ಚಿ ಎತ್ತಿಡುವ ತನಕ ಏಳಲಿಲ್ಲ.

ಹಡಗಿನಲ್ಲಿ ಯಾವ ಕಂಟೇನರು ಎಲ್ಲಿ ಕೂರಬೇಕು ಎಂದು ಯೋಜನೆ ಹಾಕುವುದು ವಿನ್‌ಸ್ಟನ್‌ನ ಕೆಲಸ. ಭಾರದ್ದು ಕೆಳಗೆ, ಮೊದಲ ಬಂದರಿನಲ್ಲಿ ಇಳಿಯುವುದು ಮೇಲೆ, ಎರಡೂ ಪಕ್ಕ ಸಮತೂಕ. "ಹಡಗೆಂದರೆ ಮದುವೆ ಮನೆಯ ಉಗ್ರಾಣ ಇದ್ದ ಹಾಗೆ. ಅನ್ನ ಬಡಿಸುವ ಹೊತ್ತಿಗೆ ಉಪ್ಪು ಅಡಿಯಲ್ಲಿ ಸಿಕ್ಕಿಕೊಂಡರೆ ಆಯ್ತು ಕಥೆ" ಎನ್ನುತ್ತಿದ್ದ. ಅವನು ಯೋಜನೆ ಹಾಕಿದ ಹಡಗು ಹೊರಟಾಗ ದಂಡೆಯಲ್ಲಿ ನಿಂತು ಅದು ಕಣ್ಣಿಗೆ ಚಿಕ್ಕದಾಗುವವರೆಗೂ ನೋಡುವುದು ಅವನ ಅಭ್ಯಾಸ.

ಆ ವರ್ಷಗಳನ್ನು ನೆನೆದರೆ ಈಗಲೂ ನನಗೆ ಸಮುದ್ರದ ವಾಸನೆ ಬರುತ್ತದೆ. ಭಾನುವಾರ ಅವನ ಮನೆಯವರ ಚರ್ಚು ಮುಗಿದ ಮೇಲೆ ಎರಡೂ ಸಂಸಾರ ಕೂಡಿ ದೋಣಿ ಹತ್ತಿ ಕೇತಂ ದ್ವೀಪಕ್ಕೆ ಹೋಗುತ್ತಿದ್ದೆವು. ಅಲ್ಲಿ ಊರಿಗೆ ಊರೇ ಕೆಸರಿನ ಮೇಲೆ ಕಂಬ ನೆಟ್ಟು ನಿಂತಿದೆ. ಕಾರಿಲ್ಲ, ಎಲ್ಲರೂ ಸೈಕಲ್ಲು. ವಿನ್‌ಸ್ಟನ್ ಮಗಳು ಸಿಲ್ವಿಯಾಳನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಹಾಡುತ್ತ ಹೋಗುವನು. ಅವನ ಹೆಂಡತಿ ಎಮೆಲ್ಡಾ ಬಾಂಗ್ಸಾರಿನ ಒಂದು ಆಫೀಸಿನಲ್ಲಿ ಅಕೌಂಟ್ಸ್ ನೋಡುತ್ತಿದ್ದಳು. ಮಾತು ಕಡಿಮೆ, ಕೈ ಧಾರಾಳ. ಹಂದಿ ಮಾಂಸ ಬೇಯುವ ತನ್ನ ಅಡುಗೆಮನೆಯಲ್ಲಿ ನಮ್ಮ ಮನೆಯವರಿಗೆಂದೇ ಒಂದು ಪಾತ್ರೆ, ಒಂದು ಸೌಟು ಬಟ್ಟೆಯಲ್ಲಿ ಸುತ್ತಿ ಬೇರೆ ಇಟ್ಟಿದ್ದಳು. ನಾವು ಹೇಳಿರಲಿಲ್ಲ. ನನ್ನ ಹೆಂಡತಿ ಹಾಜಿರಾ ಅದನ್ನು ಕಂಡ ದಿನ ಮನೆಗೆ ಬಂದು, "ಇಂಥವರು ಊರಾಗೂ ಸಿಗೋದಿಲ್ರೀ" ಎಂದಿದ್ದಳು.

ಆಗಲೂ ವಿನ್‌ಸ್ಟನ್ ಕುಡಿಯುತ್ತಿದ್ದ. ನನಗೆ ನಿಂಬೆ ಶರಬತ್ತು, ಅವನಿಗೆ ಬಿಯರು. ಕುಡಿದರೆ ಅವನ ಹಾಡು ಇನ್ನೂ ಚೆಂದವಾಗುತ್ತಿತ್ತು. ಅದರಲ್ಲಿ ಹೆದರುವಂಥದ್ದು ನಮಗೆ ಯಾರಿಗೂ ಕಾಣಲಿಲ್ಲ.

ಯಾವಾಗ ಹೆಚ್ಚಾಯಿತು ಎಂದರೆ ಹೇಳುವುದು ಕಷ್ಟ. ವಾರದ ಕೊನೆಯದು ದಿನದ ಕೊನೆಗೆ ಬಂತು. ಆಮೇಲೆ ಕೋವಿಡ್ ಬಂತು. ಬೀಗ ಹಾಕಿದ ಊರುಗಳ ಕಾಲದಲ್ಲಿ ಕಿನ್ನಿಗೋಳಿಯಲ್ಲಿ ಅವನ ತಾಯಿ ತೀರಿಕೊಂಡರು. ವಿಮಾನ ಇರಲಿಲ್ಲ. ತಾಯಿಯನ್ನು ಮಣ್ಣು ಮಾಡುವುದನ್ನು ವಿನ್‌ಸ್ಟನ್ ಫೋನಿನಲ್ಲಿ ನೋಡಿದ. ನಡುವೆ ಸಿಗ್ನಲ್ ಹೋಗಿ, ಮತ್ತೆ ಬರುವಷ್ಟರಲ್ಲಿ ಜನ ಕೈ ತೊಳೆಯುತ್ತಿದ್ದರಂತೆ. ಅದೇ ಕಾರಣ ಎಂದು ನಾನು ಹೇಳುವುದಿಲ್ಲ. ಅವನೂ ಹೇಳುವುದಿಲ್ಲ. ಆದರೆ ಬೆಳಿಗ್ಗೆಯೇ ಕುಡಿಯಲು ಶುರು ಮಾಡಿದ್ದು ಆಮೇಲೆ. ಬಿಯರು ಹೋಗಿ ಸಂಸು ಎಂಬ ಅಗ್ಗದ ಸಾರಾಯಿ ಬಂತು, ನೀರಿನ ಬಾಟಲಿಯೊಳಗೆ.

ಒಂದು ದಿನ ಅವನು ಹಾಕಿದ ಯೋಜನೆಯಲ್ಲಿ ಭಾರದ ಕಂಟೇನರುಗಳು ಮೇಲಿನ ಸಾಲಿಗೆ ಬಂದಿದ್ದವು. ಹಡಗು ತುಂಬುವ ಮೊದಲೇ ಜೊತೆಯವನೊಬ್ಬ ಕಂಡು ತಡೆದ, ಅನಾಹುತ ತಪ್ಪಿತು. ಕಂಪನಿಯವರು ಗಲಾಟೆ ಮಾಡಲಿಲ್ಲ, ರಾಜೀನಾಮೆ ಬರೆಸಿಕೊಂಡರು. ಆಮೇಲಿನ ವರ್ಷ ಸುಬಾಂಗ್ ಜಯಾದ ಅವರ ಮನೆಯಲ್ಲಿ ಏನೇನಾಯಿತು ಎಂದು ಎಮೆಲ್ಡಾ ಯಾರ ಹತ್ತಿರವೂ ಪೂರ್ತಿ ಹೇಳಿಲ್ಲ. ಒಂದು ಮಧ್ಯಾಹ್ನ ಅವನು ಗ್ಯಾಸ್ ತೆರೆದಿಟ್ಟು, ಹಚ್ಚುವುದನ್ನು ಮರೆತು, ಸೋಫಾದ ಮೇಲೆ ನಿದ್ದೆ ಹೋಗಿದ್ದ. ಕಾಲೇಜಿನಿಂದ ಬಂದ ಸಿಲ್ವಿಯಾ ಕಿಟಕಿ ತೆರೆದು ಅವನನ್ನು ಎಬ್ಬಿಸಿದಳು. ಆ ವಾರವೇ ಎಮೆಲ್ಡಾ ಅವನ ಬಟ್ಟೆಗಳನ್ನು ಮಡಚಿ ಪೆಟ್ಟಿಗೆಗೆ ತುಂಬಿ, "ಇನ್ನು ನನ್ನಿಂದ ಆಗುವುದಿಲ್ಲ. ನೀವು ಬೇರೆ ಇರಿ" ಎಂದಳು. ಕೂಗಾಡಲಿಲ್ಲ, ಅಷ್ಟೇ ಹೇಳಿದಳು.

ಅವನು ಬಂದರಿನ ಹತ್ತಿರ ಒಂದು ಹಾರ್ಡ್‌ವೇರ್ ಅಂಗಡಿಯ ಮೇಲಿನ ಕೋಣೆಗೆ ಬಂದ. ಕಿಟಕಿಯಿಂದ ನಮ್ಮ ಕ್ರೇನುಗಳು ಕಾಣುತ್ತಿದ್ದವು. ಶುಕ್ರವಾರ ನಮಾಜು ಮುಗಿಸಿ ನಾನು ಅನ್ನ, ಮೀನಿನ ಸಾರು ತಪಾವ್, ಎಂದರೆ ಪಾರ್ಸೆಲ್, ಕಟ್ಟಿಸಿಕೊಂಡು ಅಲ್ಲಿಗೆ ಹೋಗುವೆ. ಅವನು ಎರಡು ತುತ್ತು ತಿಂದು, ಕಿಟಕಿಯ ಕಡೆ ನೋಡುತ್ತ ಹಳೆಯದನ್ನೇ ತೆಗೆಯುವನು. "ಮುನೀರ್, ಆ ನಾರ್ವೆಯ ಕ್ಯಾಪ್ಟನ್ ನಮಗೆ ಒಣಮೀನು ಕೊಟ್ಟದ್ದು ನೆನಪುಂಟಾ? ಕಲ್ಲಿನ ಹಾಗೆ ಇತ್ತು ಮಾರಾಯ, ಎಮೆಲ್ಡಾ ಅದನ್ನು ಸುತ್ತಿಗೆಯಲ್ಲಿ ಒಡೆದದ್ದು!" ಇಬ್ಬರೂ ನಗುತ್ತಿದ್ದೆವು. ಹಳೆಯದು ಮಾತಾಡುವಷ್ಟು ಹೊತ್ತು ಅವನು ಅದೇ ವಿನ್‌ಸ್ಟನ್.

ಒಂದು ಸಲ ಹೋದಾಗ ಅವನ ಹಣೆಗೆ ಬ್ಯಾಂಡೇಜು ಇತ್ತು. ಮೆಟ್ಟಿಲಿನಲ್ಲಿ ಬಿದ್ದಿದ್ದ. ಪಾದಗಳಿಗೆ ಜೋಮು ಹಿಡಿದು ತಿಂಗಳುಗಳಾಗಿದ್ದವು. ಚಪ್ಪಲಿ ಕಳಚಿ ಬಿದ್ದರೂ ಗೊತ್ತಾಗುತ್ತಿರಲಿಲ್ಲ. ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಕುಡಿತದಿಂದ ಕಾಲಿನ ನರಗಳು ಕೆಟ್ಟಿವೆ ಎಂದ ಡಾಕ್ಟರಮ್ಮ, ಹೊರಡುವಾಗ ನನ್ನ ಕಡೆ ತಿರುಗಿ, "ಇವರು ಇಲ್ಲಿ ಪಿ.ಆರ್., ಕಾಯಂ ನಿವಾಸಿ ಅಲ್ಲವೇ? ಇಷ್ಟು ವರ್ಷ ಸೊಕ್ಸೊ ಕಟ್ಟಿದ್ದಾರೆ. ಪಿಂಚಣಿಗೆ ಅರ್ಜಿ ಹಾಕಿಸಿ" ಎಂದರು. ಸೊಕ್ಸೊ ಎಂದರೆ ಇಲ್ಲಿನ ಕಾರ್ಮಿಕ ವಿಮೆ. ದುಡಿಯಲಾಗದ ಹಾಗೆ ಮೈ ಕೆಟ್ಟವರಿಗೆ ಅದರಲ್ಲಿ ತಿಂಗಳ ಪಿಂಚಣಿ ಇದೆ.

ದಾರಿಯಲ್ಲಿ ಕಾರಿನೊಳಗೆ ಜಗಳವಾಯಿತು.

"ನಾನು ಬೇಡಲಿಕ್ಕೆ ಹೋಗುವುದಿಲ್ಲ" ಎಂದ.

"ಬೇಡೋದು ಎಲ್ಲಿ ಬಂತಲೇ? ನಿನ್ನ ಪಗಾರದಾಗ ಹಿಡಿದದ್ದು."

"ಅಪಘಾತ ಆದವರಿಗೆ, ಕ್ಯಾನ್ಸರ್ ಬಂದವರಿಗೆ ಅದು. ನಾನು ಕುಡಿದು ಕಾಲು ಹಾಳು ಮಾಡಿಕೊಂಡವ. ಎಂತ ಮುಖ ಇಟ್ಟುಕೊಂಡು ಕೇಳುವುದು?"

"ಕಾಲು ಹೋಗೇತಿ, ಹೌದಿಲ್ಲೋ? ಅಷ್ಟು ಹೇಳು. ಉಳಿದದ್ದು ಅವರು ನೋಡ್ತಾರ."

 ಕೋಣೆಯ ಮೆಟ್ಟಿಲು ಹತ್ತಿಸುವಾಗ, "ಎಮೆಲ್ಡಾಗೆ ಹೇಳಬೇಡ" ಎಂದ. ಅಂದರೆ ಒಪ್ಪಿದ್ದಾನೆ ಎಂದು ತಿಳಿದುಕೊಂಡೆ.

ಅರ್ಜಿ ಹೋದ ಮೇಲೆ ವೈದ್ಯರ ಮಂಡಳಿಯ ಮುಂದೆ ಬರಬೇಕೆಂದು ಕರೆ ಬಂತು. ಆ ದಿನ ವಿನ್‌ಸ್ಟನ್ ಹಳೆಯ ತಿಳಿನೀಲಿ ಅಂಗಿ ಹಾಕಿದ್ದ, ಗಡ್ಡ ಹೆರೆದಿದ್ದ. ಕಾರಿನಲ್ಲಿ ಕೂತ ಕೂಡಲೇ ವಾಸನೆ ಬಂತು. ನಾನು ಪುದೀನಾ ಮಿಠಾಯಿ ಕೊಟ್ಟೆ. "ಕೇಳಿದರ, ಬಿಟ್ಟು ಭಾಳ ದಿನ ಆತು ಅನ್ನು" ಎಂದು ಹೇಳಿಕೊಟ್ಟೆ. ಅವನು ತಲೆಯಾಡಿಸಿದ.

ಮಂಡಳಿಯಲ್ಲಿ ಮೂವರು ಡಾಕ್ಟರು. ಹಿಡಿದುಕೊಳ್ಳಲು ಜನ ಬೇಕೆಂದು ನನ್ನನ್ನೂ ಒಳಗೆ ಬಿಟ್ಟರು. ಕಣ್ಣು ಮುಚ್ಚಿಸಿ ಪಾದಕ್ಕೆ ಹತ್ತಿ ಮುಟ್ಟಿಸಿದರು, ಸೂಜಿ ಮುಟ್ಟಿಸಿದರು. ಅವನಿಗೆ ತಿಳಿಯಲೇ ಇಲ್ಲ. ಆಮೇಲೆ ನಡುವೆ ಕೂತಿದ್ದ ಹಿರಿಯ ಡಾಕ್ಟರು, ತಲೆಗೂದಲು ಪೂರ್ತಿ ನರೆತವರು, ಇಂಗ್ಲಿಷಿನಲ್ಲಿ ಕೇಳಿದರು, "ಕೊನೆಯ ಸಲ ಕುಡಿದದ್ದು ಯಾವಾಗ?"

ವಿನ್‌ಸ್ಟನ್ ನನ್ನ ಮುಖ ನೋಡಿದ. ಮತ್ತೆ ಅವರ ಮುಖ ನೋಡಿ, "ಇವತ್ತು ಬೆಳಿಗ್ಗೆ ಡಾಕ್ಟರ್. ಕುಡಿಯದಿದ್ದರೆ ಕೈ ನಡುಗುತ್ತದೆ, ಗಡ್ಡ ಹೆರೆಯಲು ಆಗುವುದಿಲ್ಲ. ನಿಮ್ಮ ಮುಂದೆ ಗಡ್ಡ ಬಿಟ್ಟುಕೊಂಡು ಬರಬಾರದೆಂದು ಕುಡಿದೆ" ಎಂದ.

 ಎಲ್ಲ ಹೋಯಿತು ಎಂದುಕೊಂಡೆ. ಡಾಕ್ಟರು ಪೆನ್ನು ಕೆಳಗಿಟ್ಟರು.

"ಬಿಡುವ ಮನಸ್ಸಿದೆಯೇ?"

"ಮನಸ್ಸಿದೆ. ಹೇಗೆ ಎಂದು ಗೊತ್ತಿಲ್ಲ. ನಾನೇ ನಾನಾಗಿ ಎಷ್ಟೋ ಸಲ ಬಿಟ್ಟೆ. ಒಮ್ಮೆ ಫಿಟ್ಸ್ ಬಂತು."

"ಒಬ್ಬರೇ ಒಮ್ಮೆಗೇ ಬಿಡಬಾರದು. ಆಸ್ಪತ್ರೆಯಲ್ಲಿಟ್ಟು ಬಿಡಿಸಬೇಕು" ಎಂದರು ಅವರು. ನಿಧಾನವಾಗಿ, ತಪ್ಪು ಹೊರಿಸುವ ದನಿ ಇಲ್ಲದೆ ಹೇಳಿದರು. ಈಗಲೇ ಪಿಂಚಣಿ ತೀರ್ಮಾನ ಮಾಡುವ ಹಾಗಿಲ್ಲ. ಮೊದಲು ಚಿಕಿತ್ಸೆಯಾಗಲಿ, ಆಮೇಲೂ ಕಾಲು ಹೀಗೇ ಇದ್ದರೆ ಮತ್ತೆ ನೋಡುತ್ತೇವೆ ಎಂದರು. ಆಸ್ಪತ್ರೆಯ ಸಮಾಜ ಕಾರ್ಯಕರ್ತೆಗೆ ಅಲ್ಲಿಂದಲೇ ಫೋನು ಮಾಡಿಸಿದರು.

ಹೊರಗೆ ಬಂದು ನಾನು ಸಿಟ್ಟಿನಲ್ಲಿ, "ಅಷ್ಟು ಹೇಳಿಕೊಟ್ಟಿದ್ದೆನಲ್ಲೋ!" ಎಂದೆ.

ಅವನು ಗೋಡೆ ಹಿಡಿದು ನಿಂತು, "ಮುನೀರ್, ಆರು ವರ್ಷ ಎಲ್ಲರ ಹತ್ತಿರ ಸುಳ್ಳೇ ಹೇಳಿದ್ದು. ಸುಸ್ತಾಗಿದೆ ಮಾರಾಯ" ಎಂದ. ಆಗ ಮೊದಲ ಸಲ ಅವನು ಅತ್ತದ್ದು ಕಂಡೆ.

ಆಸ್ಪತ್ರೆಯಲ್ಲಿ ಕೆಲವು ದಿನ ಕಳೆದ ಮೇಲೆ ಅವನನ್ನು ಕಾಪಾರಿನ ಕಡೆಯ ಹಳೆಯ ರಬ್ಬರ್ ತೋಟದೊಳಗಿನ ಒಂದು ಮನೆಗೆ ಕಳಿಸಿದರು. ಕುಡಿತ ಬಿಡುವವರು ಕೂಡಿ ಇರುವ ಮನೆ. ನಡೆಸುವವರು ಗಂಗಾಧರ, ತೋಟದಲ್ಲೇ ಹುಟ್ಟಿದ ತಮಿಳರು. ಮೊದಲು ಲಾರಿ ಓಡಿಸುತ್ತಿದ್ದರು, ಕುಡಿದು ಎಲ್ಲ ಕಳೆದುಕೊಂಡು ಎದ್ದು ಬಂದವರು. ಮನೆಯ ಮುಂದೆ ಹಲಸಿನ ಮರ, ಹಿಂದೆ ಕೋಳಿಗಳು. ಬೆಳಿಗ್ಗೆ ಎಲ್ಲರೂ ವೃತ್ತವಾಗಿ ಕೂತು ಒಬ್ಬೊಬ್ಬರೇ ಮಾತಾಡಬೇಕು. ವಿನ್‌ಸ್ಟನ್ ಮೊದಲ ವಾರ ಬಾಯಿಯೇ ತೆರೆಯಲಿಲ್ಲವಂತೆ. ತೆರೆದ ಮೇಲೆ ತಾಯಿಯ ಬಗ್ಗೆಯೇ ಹೇಳಿದನಂತೆ. ಅವರು ಸಂಜೆ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದದ್ದು, ಮಡಿಲಲ್ಲಿ ಎಲೆಗಳ ಮೊರ ಇಟ್ಟುಕೊಂಡೇ ಜಪ ಹೇಳಿಸುತ್ತಿದ್ದದ್ದು, ಇವನಿಗೆ ನಿದ್ದೆ ಬಂದರೆ ಹೊಗೆಸೊಪ್ಪು ಹತ್ತಿದ ಕೈಯಿಂದಲೇ ಕೆನ್ನೆ ತಟ್ಟುತ್ತಿದ್ದದ್ದು. ಕೇಳುತ್ತಿದ್ದವರೆಲ್ಲ ತಮಿಳರು, ಚೀನಿಯರು. ಬೀಡಿ ಎಲೆ ಎಂದರೇನು ಎಂದು ಒಬ್ಬ ಕೇಳಿದನಂತೆ. ಇವನು ಅಂಗಳದಿಂದ ಹಲಸಿನ ಎಲೆ ತಂದು ಕತ್ತರಿಸಿ, ಸುರುಳಿ ಸುತ್ತಿ ತೋರಿಸಿದನಂತೆ. ಆ ದಿನದಿಂದ ಅವನಿಗೆ ನಿದ್ದೆ ಬರತೊಡಗಿತು.

ಎಲ್ಲ ನೇರವಾಗಿ ಆಯಿತೆಂದಲ್ಲ. ಒಂದು ದಿನ ಕೋಲೂರಿಕೊಂಡು ಮುಖ್ಯ ರಸ್ತೆಯ ಅಂಗಡಿಯವರೆಗೆ ಹೋಗಿ ಕುಡಿದು ಬಂದ. ಗೇಟಿನಲ್ಲಿ ನಿಂತು, ಹೊರಗೆ ಹಾಕುತ್ತಾರೆ ಎಂದು ಕಾದ. ಗಂಗಾಧರ ಬಂದು ನೋಡಿ, "ಒಳಗೆ ಬಾಪ್ಪಾ, ಮೊದಲು ಸಾಪ್ಪಾಡು, ಊಟ ಮಾಡು. ನಾಳೆ ಬೆಳಿಗ್ಗೆ ಎಲ್ಲರ ಮುಂದೆ ಹೇಳುವಿಯಂತೆ" ಎಂದರು. ಹೇಳಿದ. ಆಮೇಲೆ ಇವತ್ತಿನವರೆಗೆ ಮುಟ್ಟಿಲ್ಲ.

ಎಮೆಲ್ಡಾಗೆ ನಾನು ಹೇಳಲಿಲ್ಲ, ಹಾಜಿರಾ ಹೇಳಿದಳು. ಒಂದು ಭಾನುವಾರ ಎಮೆಲ್ಡಾ ನಮ್ಮ ಕಾರಿನಲ್ಲೇ ತೋಟಕ್ಕೆ ಬಂದಳು. ಹಲಸಿನ ಮರದ ಕೆಳಗೆ ಇಬ್ಬರೂ ಬೆಂಚಿನ ಎರಡು ತುದಿಯಲ್ಲಿ ಕೂತರು. ನಾವು ದೂರ ಹೋದೆವು, ಆದರೂ ಮಾತು ಕೇಳುತ್ತಿತ್ತು.

"ಮದುವೆಯಾಗಿ ನೀನು ಮೊದಲು ಇಲ್ಲಿಗೆ ಬಂದ ದಿನ, ಏರ್‌ಪೋರ್ಟಿನಲ್ಲಿ ನಾನು ಬೇರೆ ಬಾಗಿಲಲ್ಲಿ ಕಾದದ್ದು ನೆನಪುಂಟಾ?" ಎಂದ ವಿನ್‌ಸ್ಟನ್.

"ಇಲ್ಲದೆ? ಎರಡು ಗಂಟೆ ನಿಂತಿದ್ದೆ. ಹಾಗೇ ತಿರುಗಿ ಹೋಗುವಾ ಅಂತ ಕಂಡಿತ್ತು."

"ಹೋಗಬೇಕಿತ್ತು."

"ಹೋಗಲಿಲ್ಲ ಅಲ್ವಾ" ಎಂದಳು ಎಮೆಲ್ಡಾ. 

ಎರಡನೆಯ ಸಲ ಮಂಡಳಿಯ ಮುಂದೆ ಹೋದಾಗ ನಾನು ಏನೂ ಹೇಳಿಕೊಡಲಿಲ್ಲ. ಕೈ ನಡುಗುತ್ತಿರಲಿಲ್ಲ, ಮುಖ ತುಂಬಿಕೊಂಡಿತ್ತು. ಪಾದಗಳು ಮಾತ್ರ ಹಾಗೇ ಇದ್ದವು. ಹೋದ ನರ ಪೂರ್ತಿ ತಿರುಗಿ ಬರುವುದಿಲ್ಲ ಎಂದರು. ಪಿಂಚಣಿ ಮಂಜೂರಾಯಿತು. ಸುದ್ದಿ ಬಂದಾಗ ಅವನು ನನಗೆ ಫೋನು ಮಾಡಿ, "ಕೇಳಿದ್ದು ತಪ್ಪಲ್ಲ ಅಂತ ಈಗ ಅನಿಸುತ್ತದೆ" ಎಂದನೇ ಹೊರತು ಸಂಭ್ರಮ ಪಡಲಿಲ್ಲ.

ಕಳೆದ ವರ್ಷ ಮಳೆ ಶುರುವಾಗುವ ಹೊತ್ತಿಗೆ ಎಮೆಲ್ಡಾ ಅವನನ್ನು ಮನೆಗೆ ಕರೆದಳು. ಕೆಳಗಿನ ಕೋಣೆ ಖಾಲಿ ಮಾಡಿ, ಬಚ್ಚಲಿಗೆ ಹಿಡಿದುಕೊಳ್ಳುವ ಸರಳು ಹಾಕಿಸಿದ್ದಳು. ನಾನು ಪೆಟ್ಟಿಗೆ ಇಳಿಸಿದಾಗ ಬಾಗಿಲಲ್ಲಿ ನಿಂತು, "ಬನ್ನಿ. ಶನಿವಾರ ತೋಟದ ಮನೆಯಲ್ಲಿ ನಡೆಯುವ ನಿಮ್ಮ ಸಭೆ ತಪ್ಪಿಸಿದರೆ ಮಾತ್ರ ನಾನು ಯಾವ ಸಬೂಬೂ ಕೇಳುವವಳಲ್ಲ" ಎಂದಳು. ಅವನು "ಇಲ್ಲ, ತಪ್ಪಿಸುವುದಿಲ್ಲ" ಎಂದು ಚಪ್ಪಲಿ ಕಳಚಲು ಬಗ್ಗಿದ. ಆಗಲಿಲ್ಲ. ಸಿಲ್ವಿಯಾ ಬಂದು ಕಳಚಿದಳು. ಅವಳಿಗೂ ತಂದೆಗೂ ನಡುವೆ ಇನ್ನೂ ಬಿಗುವಿತ್ತು.

ಹೋದ ವಾರ ಹಾಜಿರಾ ಮಾಡಿದ ಶೇಂಗಾ ಹೋಳಿಗೆ ಕೊಡಲು ಅವರ ಮನೆಗೆ ಹೋಗಿದ್ದೆ. ಗೇಟಿನಲ್ಲೇ ಜೋರು ಮಾತು ಕೇಳಿ ನನ್ನ ಕಾಲು ನಿಂತಿತು. ಕಿವಿಗೊಟ್ಟರೆ ಟಿ.ವಿ.ಯ ಸದ್ದಿಗಾಗಿ ಜಗಳ.

"ಪಪ್ಪಾ, ಟೂ ಲೌಡ್ ಲಾ! ಐ ಹ್ಯಾವ್ ಎ ಮೀಟಿಂಗ್!"

"ನನ್ನ ಫುಟ್‌ಬಾಲ್ ಮುಗಿಯಲಿ ಮಾರಾಯ್ತಿ, ಹತ್ತು ನಿಮಿಷ!"

ಅಡುಗೆಮನೆಯ ಕಿಟಕಿಯಲ್ಲಿ ಎಮೆಲ್ಡಾ ತೆಂಗಿನಕಾಯಿ ತುರಿಯುತ್ತ ನಿಂತಿದ್ದಳು. ನನ್ನನ್ನು ಕಂಡು, "ಬನ್ನಿ ಮುನೀರ್‌ಭಾಯ್. ಬೆಳಿಗ್ಗೆಯಿಂದ ಹೀಗೇ, ತಂದೆ ಮಗಳದ್ದು" ಎಂದು ಬೇಸರದವಳಂತೆ ಮುಖ ಮಾಡಿದಳು. ಆ ಮನೆಯಲ್ಲಿ ಇಷ್ಟು ಸಣ್ಣ ವಿಷಯಕ್ಕೆ ಜಗಳವಾಗದೆ ಎಷ್ಟೋ ವರ್ಷವಾಗಿತ್ತು. ನಾನು ಹೋಳಿಗೆಯ ಡಬ್ಬಿ ಅವಳ ಕೈಗೆ ಕೊಟ್ಟು, ಒಳಗೆ ಹೋಗಿ ವಿನ್‌ಸ್ಟನ್‌ನ ಪಕ್ಕ ಕೂತೆ.