ಗಿಡ್ಡ ಬಾಣದ ಕೆಂಪನಂಜಪ್ಪ

ಕೆಂಪನಂಜಪ್ಪನ ಬಗ್ಗೆ ಒಳ್ಳೆಯ ಮಾತು ಬೇಕಿದ್ದರೆ ಕೊಳ್ಳೇಗಾಲದಲ್ಲಿ ಬೇರೆ ಯಾರನ್ನಾದರೂ ಕೇಳಿ. ನನ್ನನ್ನು ಕೇಳಬೇಡಿ. ಮಾಂಬಳ್ಳಿಯ ಕಡೆ ಈಗಲೂ ಅವನಿಗೆ ‘ಗಿಡ್ಡ ಬಾಣದ ನಂಜಪ್ಪ’ ಎಂದೇ ಹೆಸರು. ಅವನು ನನ್ನ ತಂಗಿ ಶಿವರತ್ನಮ್ಮನ ಗಂಡ. ಹನೂರಿನಲ್ಲಿ ದನ ಮೇಯಿಸಿಕೊಂಡಿದ್ದವನು ಐವತ್ತಾರನೇ ಇಸವಿಯಲ್ಲಿ ನಮ್ಮ ಮನೆ ಅಳಿಯನಾಗಿ ಬಂದ. ನಮ್ಮದು ಮದುವೆ ಮೆರವಣಿಗೆಗಳಿಗೆ ಬಾಣ, ಬಿರುಸು, ಪಟಾಕಿ ಮಾಡಿಕೊಡುವ ಮನೆ. ಬಂದಾಗ ಅವನಿಗೆ ಬತ್ತಿ ಹೊಸೆಯಲೂ ಬರುತ್ತಿರಲಿಲ್ಲ. ನಾನೇ ಕಲಿಸಿದೆ, ನನ್ನ ಕರ್ಮ!

ಕಲಿತನಲ್ಲ, ಅಲ್ಲಿಗೆ ನನ್ನ ಕಥೆ ಮುಗಿಯಿತು. ಊಟಕ್ಕೆ ಕುಳಿತರೆ ನಮ್ಮಪ್ಪ ಮುತ್ತಯ್ಯ ಮೊದಲು ಕೇಳುವುದು, "ನಂಜಪ್ಪ ಬಂದ್ನಾ?" ಎಂದು. ನಾನು ಎದುರಿಗೇ ಕುಳಿತಿರುತ್ತಿದ್ದೆ. ನನ್ನ ಕೆಲಸ ನೋಡಿ ಅಪ್ಪ ಎಂದೂ ಭೇಷ್ ಎಂದವರಲ್ಲ. ನಾಲ್ಕು ಜನರೆದುರು ಒಂದೇ ಒಂದು ಸಲ "ಇದು ನನ್ ಮಗ ಮಾಡಿದ್ದು" ಅನ್ನಲಿ ಎಂದು ಹೊಟ್ಟೆ ಉರಿಸಿಕೊಂಡು ಕಾಯುತ್ತಿದ್ದೆ.

ಅರವತ್ತೊಂಬತ್ತರಲ್ಲಿ ಮನುಷ್ಯ ಚಂದ್ರನ ಮೇಲೆ ಇಳಿದನೆಂದು ರೇಡಿಯೋ ಹೇಳಿತು. ಯಳಂದೂರಿನ ಸಾಹುಕಾರ ವೃಷಭೇಂದ್ರಪ್ಪನವರಿಗೆ ಮಗನ ಮದುವೆಗೆ ರಾಕೆಟ್ಟೇ ಬೇಕಾಯಿತು. "ಕಡ್ಡಿ ಕಟ್ಟಿದ ಬಾಣ ಬ್ಯಾಡ ಮುತ್ತಯ್ಯ. ಕುಳ್ಳಗೆ, ದಪ್ಪಗೆ ನೀರಿನ್ ಕೊಡದಂಗಿರ್ಬೇಕು" ಎಂದರು. ಬಾಣಕ್ಕೆ ಹಿಂದಿನ ಬಿದಿರುಕಡ್ಡಿಯೇ ದಾರಿ ತೋರಿಸುವುದು. ಅದಿಲ್ಲದ ಕುಳ್ಳ ಬಾಣ ಗಾಳಿಯಲ್ಲಿ ಲಾಗ ಹಾಕುತ್ತದೆ. "ಇಬ್ರೂ ಒಂದೊಂದು ಮಾಡಿ, ನೋಡವ" ಎಂದರು ಅಪ್ಪ.

ನನ್ನದನ್ನು ನೀವು ನೋಡಬೇಕಿತ್ತು! ಗಾಳಿ ಎಲ್ಲೂ ತಡೆಯಬಾರದೆಂದು ಹಿಂಭಾಗವನ್ನು ಬುಗುರಿಯಂತೆ ಸಣ್ಣಗೆ ಇಳಿಸಿ, ನುಣ್ಣಗೆ ಕಾಗದ ಅಂಟಿಸಿ, ಕೆಂಪು ಬಣ್ಣ ಬಳಿದಿದ್ದೆ. ರೆಕ್ಕೆಗಳನ್ನು ಇಬ್ಬರೂ ಕಟ್ಟಿದೆವು. ಆದರೆ ಅವನದಕ್ಕೆ ಕೊಯ್ದ ಕುಂಬಳಕಾಯಿಯ ಹಾಗೆ ಅಗಲವಾದ ಚಪ್ಪಟೆ ತಳ, ಮೂತಿಯೊಳಗೆ ಭಾರಕ್ಕೆಂದು ಒಂದು ಹಿಡಿ ಜೇಡಿಮಣ್ಣು.

ನಾನು ನಕ್ಕುಬಿಟ್ಟೆ. "ಅಲ್ಲಯ್ಯ, ಆ ತಳ ಹಿಂದುಕ್ಕೆ ಜಗ್ತದೆ. ಮ್ಯಾಕ್ಕೆ ಎಂಗೋದದು?"

"ವಸಿ ಕಮ್ಮಿನೇ ಓಗ್ಲಿ ಭಾವ. ಹಿಂದ್ಗಡೆ ಜಗ್ತಿದ್ರೆ ಮೂತಿ ಅತ್ಲಾಗಿತ್ಲಾಗೆ ತಿರುಗಲ್ಲ. ಕರುನ್ ಬಾಲ ಇಡ್ಕಂಡ್ರೆ ನೆಟ್ಟಗೆ ಓಡಲ್ವಾ?"

ಎಷ್ಟು ತಣ್ಣಗೆ ಹೇಳಿದ, ಬಡ್ಡೀಮಗ!

ಮದುವೆಯ ದಿನ ಸಂಜೆ ಮೆರವಣಿಗೆ ಚಪ್ಪರದ ಮುಂದೆ ನಿಂತಿತು. ಮೊದಲು ನನ್ನದು. ತೆಂಗಿನಮರದ ಅರ್ಧಕ್ಕೆ ಏರಿ ತಿರುಗಿತು, ಮತ್ತೊಮ್ಮೆ ತಿರುಗಿತು, ನೆಂಟರನ್ನೆಲ್ಲ ದಿಕ್ಕಾಪಾಲಾಗಿ ಓಡಿಸಿಕೊಂಡು ಬಂದು ಚಪ್ಪರದ ಗರಿಯೊಳಗೆ ಹೊಕ್ಕಿತು. ಗರಿ ಹೊಗೆಯಾಡಿತು. ನಾನು ಬಿಂದಿಗೆ ಹಿಡಿದು ಓಡಿದೆ.

ನೀರು ಹೊಯ್ಯುತ್ತಲೇ ಕತ್ತೆತ್ತಿ ನೋಡಿದೆ. ಅವನದು ಏರುತ್ತಿತ್ತು. ಎತ್ತರವೇನೂ ಹೋಗಲಿಲ್ಲ, ತೆಂಗಿನ ತಲೆಗಿಂತ ಸ್ವಲ್ಪ ಮೇಲೆ, ಅಷ್ಟೇ. ಆದರೆ ಒಂದಿಷ್ಟೂ ವಾಲದೆ ನೆಟ್ಟಗೆ ಹೋಗಿ ಕಿಡಿ ಚೆಲ್ಲಿತು. ಜನವೆಲ್ಲ ಹೋ ಎಂದಿತು. ನನ್ನ ತಂಗಿಯೂ ಕೂಗಿದಳು. ಅವಳಿಗಾದರೂ ಅಣ್ಣನ ಮೇಲೆ ಕನಿಕರ ಬೇಡವೇ?

ವೃಷಭೇಂದ್ರಪ್ಪನವರು ಕೇಳಿದರು, "ಯಾರ್ ಮಾಡಿದ್ದು ಮುತ್ತಯ್ಯ ಇದ್ನ?"

ಅಪ್ಪ ಕೆಂಪನಂಜಪ್ಪನ ಹೆಗಲ ಮೇಲೆ ಕೈಯಿಟ್ಟರು. "ನನ್ ಮಗ ಸಾ" ಎಂದರು.

"ಮತ್ತೆ ಆ ಬಿಂದಿಗೆ ಇಡ್ಕಂಡಿರೋನು?"

ಅಪ್ಪ ನನ್ನ ಕಡೆ ನೋಡಿದರು. "ಅವ್ನೂ ನಮ್ ಮನೆಯವ್ನೇ" ಎಂದರು.