ಕಚ್ಚದೆ ಬಿಟ್ಟ ಎಳೆ

ಇಳಕಲ್ಲಿನ ಸೀರೆ ವ್ಯಾಪಾರ ನನಗೆ ಕಲಿಸಿದ್ದಿಷ್ಟು: ಸರಕನ್ನು ತಿರುವಿ ಹಿಂಬದಿ ನೋಡಬೇಕು. ಹೆಂಡತಿಗೆ ಹಲ್ಲುನೋವು ಎಂಬುದೂ ನನಗೆ ತಿಳಿದದ್ದು ಸೀರೆಯ ಹಿಂಬದಿಯಿಂದಲೇ.

ಮಗ್ಗ ಅವಳದು, ಮಾರಾಟ ನನ್ನದು. ನೇಯುವಾಗ ಹರಿದ ಎಳೆಗೆ ಗಂಟು ಹಾಕಿ, ಮಿಕ್ಕ ತುದಿಯನ್ನು ನಮ್ಮ ಓಣಿಯ ಹೆಂಗಸರು ಮುಂದಿನ ಹಲ್ಲಿನಿಂದಲೇ ಕಚ್ಚಿ ತೆಗೆಯುತ್ತಿದ್ದರು. ಆ ಸಲದ ಸೀರೆಯಲ್ಲಿ ತುದಿಗಳು ಉದ್ದುದ್ದ ನಿಂತಿದ್ದವು.

"ಇದೇನ, ಸೀರಿಗೆ ಮೀಸಿ ಬಂದಾವಲ್ಲ?" ಎಂದೆ.

"ಕತ್ತರೀಲೆ ತಗದೇನ್ರಿ."

"ಹಲ್ಲಿಗೇನಾತು?"

ಅವಳು ದನಿ ತಗ್ಗಿಸಿದಳು. "ಮೆತ್ತಗ ಮಾತಾಡ್ರಿ. ಅತ್ತಿ ಕೇಳಿದ್ರ ಸಂತಿಯಾಗಿನ ಹಲ್ಲು ಕೀಳಾಂವನ್ನ ಕರಸ್ತಾರ. ಮುಂದಿನ ಹಲ್ಲ್ರಿ ಇದು. ಕಿತ್ತರ ನಾ ಮಂದ್ಯಾಗ ನಗೂದು ಹೆಂಗ?"

ನಮ್ಮವ್ವನ ಬಾಯೊಳಗಿನ ಅರ್ಧಕ್ಕರ್ಧ ಹಲ್ಲುಗಳನ್ನು ಕಿತ್ತವನೇ ಅವನು. ಅವ್ವನ ಪಾಲಿಗೆ ಅವನೇ ಧನ್ವಂತರಿ.

ನನ್ನ ದವಡೆಯ ಹಲ್ಲೊಂದು ಹೋದ ಬಗೆ ನೆನಪಿತ್ತು. ಮೊದಲು ತಣ್ಣೀರಿಗೆ ಜುಮ್ಮೆಂದು ಬಿಟ್ಟುಬಿಡುತ್ತಿತ್ತು. ಆಮೇಲೆ ಬಿಸಿಗೂ ಎದ್ದ ನೋವು ಬಹಳ ಹೊತ್ತು ಕೂತುಬಿಡುತ್ತಿತ್ತು. ಮಲಗಿದರೆ ನಾಡಿಯ ಹಾಗೆ ಬಡಿಯುತ್ತಿತ್ತು. ಒಂದು ದಿನ ತಾನಾಗಿ ನಿಂತಾಗ ವಾಸಿಯಾಯಿತೆಂದು ಪೇಢೆ ಹಂಚಿದೆ. ಒಳಗೆ ನರವೇ ಸತ್ತಿತ್ತು. ಕೆನ್ನೆ ಊದಿದ ಮೇಲೆ ಕೀಳಿಸದೆ ಗತಿಯಿರಲಿಲ್ಲ.

ಹಾಗಾಗಿ ಹೆಂಡತಿಗೆ ಮಣ್ಣಿನ ಕೊಡದ ತಣ್ಣೀರು ಒಂದು ಗುಟುಕು ಕುಡಿಸಿದೆ. ಕಣ್ಣು ಬಿಗಿಯಾಗಿ ಮುಚ್ಚಿದಳು, ತೆರೆದಳು.

"ನೋವು ಹೋತೇನು?"

"ನುಂಗೂದ್ರಾಗ ಹೋತ್ರಿ."

"ಬಿಸಿ ಅಂಬಲಿಗೆ?"

"ಏನೂ ಆಗೂದಿಲ್ಲ."

"ಮಲಗಿದಾಗ?"

"ನಿಮ್ಮ ಗೊರಕಿ ಬಿಟ್ರ ಮತ್ತ ಯಾವ ತ್ರಾಸೂ ಇಲ್ಲ."

ನನಗೆ ಜೀವ ಬಂದಂತಾಯಿತು. ಹಲ್ಲು ಇನ್ನೂ ಕೈ ಮೀರಿರಲಿಲ್ಲ. ಅವ್ವನಿಗೆ ವ್ಯಾಪಾರದ ನೆಪ ಹೇಳಿ, ಹೆಂಡತಿಯನ್ನೂ ಕೂಡಿಸಿಕೊಂಡು ಬಾಗಲಕೋಟೆಗೆ ಬಂಡಿ ಕಟ್ಟಿಸಿದೆ. ಅಲ್ಲಿ ದವಾಖಾನೆಯ ಡಾಕ್ಟರು ಹುಳುಕನ್ನು ಕೆರೆದು, ಲವಂಗದೆಣ್ಣೆಯಲ್ಲಿ ಕಲಸಿದ ಔಷಧ ತುಂಬಿದರು.

"ಒಳಗಿನ ನರಕ್ಕ ಈಗ ಉರಿ ಹತ್ತೈತಿ, ಸತ್ತಿಲ್ಲ. ಛಲೋ ಹೊತ್ತಿಗೆ ಬಂದೀರಿ. ಇನ್ನ ಮ್ಯಾಲೆ ಎಳಿ ಕಚ್ಚಬ್ಯಾಡ್ರಿ, ಅಷ್ಟಽ," ಎಂದರು.

ಓದುವವರಿಗೆ ನಾನು ಹೇಳುವುದೂ ಇಷ್ಟೇ. ತಣ್ಣನೆಯದಕ್ಕೋ ಸಿಹಿಗೋ ಹಲ್ಲು ಜುಮ್ಮೆಂದಾಗಲೇ ಡಾಕ್ಟರ ಬಳಿಗೆ ಹೊರಡಿ. ನೋವು ಹೆಚ್ಚು ಹೊತ್ತು ಕೂತಷ್ಟೂ ಹಲ್ಲು ಉಳಿಯುವುದು ಕಷ್ಟ. ಇದ್ದಕ್ಕಿದ್ದಂತೆ ನಿಂತರಂತೂ ನಂಬಲೇಬೇಡಿ.

ಮನೆ ಮುಂದೆ ಬಂಡಿಯಿಂದ ಇಳಿದವಳು ಅತ್ತೆಯೆದುರು ಹಲ್ಲೆಲ್ಲ ಕಾಣುವಂತೆ ನಕ್ಕು, ನಡೆದದ್ದನ್ನೆಲ್ಲ ಹೇಳಿಬಿಟ್ಟಳು. ಬೈಗುಳಕ್ಕೆ ನಾನು ತಯಾರಾಗಿ ನಿಂತೆ. ಅವ್ವ ಸೊಸೆಯ ಗದ್ದ ಹಿಡಿದು ಬಾಯೊಳಗೆ ಇಣುಕಿದಳು. ತನ್ನ ಕೆನ್ನೆಯನ್ನೊಮ್ಮೆ ಮುಟ್ಟಿಕೊಂಡಳು.

"ಎತ್ತು ಬಿಚ್ಚಬ್ಯಾಡೋ," ಎಂದಳು. "ನನಗೂ ನಿನ್ನಿಯಿಂದ ತಣ್ಣೀರು ಜುಮ್ ಅಂತೈತಿ."